ಹಣ ಯಾರ ಹೆಸರಿಗೆ, ಬೆವರು ಯಾರದು?



ಸರ್ಕಾರ ರೈತನಿಗೆ ದುಡ್ಡು ಕೊಡ್ತದೆ ಅಂದ ಕೂಡಲೇ ನಾವು ಕೇಳೋದು 'ಎಷ್ಟು?' ಅಂತ. ಅದಕ್ಕಿಂತ ಮೊದಲು ಕೇಳಬೇಕಾದ್ದು 'ಯಾರ ಹೆಸರಿಗೆ?' ಎಂದು. ಇದು ತಿಳಿಯಬೇಕಾದರೆ ಅಮೆರಿಕದ ಒಂದು ಹತ್ತಿ ಸೀಮೆಯ ಕಥೆ ಕೇಳಿ.

ಆರ್ಕನ್ಸಾ ರಾಜ್ಯದಲ್ಲಿ ಪಾಯಿನ್ಸೆಟ್ ಎಂಬ ಕೌಂಟಿ ಇದೆ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. 1933ರ ಹೊತ್ತಿಗೆ ಹತ್ತಿ ಬೆಲೆ ನೆಲ ಕಚ್ಚಿತ್ತು. ಬೆಳೆ ಕಡಿಮೆ ಮಾಡಿದವರಿಗೆ ಹಣ ಕೊಡುತ್ತೇವೆ ಎಂದು ರೂಸ್‌ವೆಲ್ಟ್ ಸರ್ಕಾರ ಕಾಯ್ದೆ ತಂದಿತು. ಆ ವರ್ಷ ಸುಮಾರು ಒಂದು ಕೋಟಿ ಎಕರೆಯಲ್ಲಿ ನಿಂತ ಹತ್ತಿಯನ್ನು ಉತ್ತು ಮಣ್ಣುಪಾಲು ಮಾಡಿದರು. ಬೆಲೆಯೇನೋ ಏರಿತು. ಆದರೆ ಚೆಕ್ಕು ಹೋದದ್ದು ಜಮೀನಿನ ಒಡೆಯನ ಕೈಗೆ. ಪಾಲಿಗೆ ಮಾಡುವವನಿಗೆ ಕೊಡಬೇಕಾದ್ದನ್ನು ಒಡೆಯನೇ ಕೊಡಬೇಕು. ಗೇಣಿದಾರರನ್ನು 'ಸಾಧ್ಯವಾದಷ್ಟು ಮಟ್ಟಿಗೆ' ಉಳಿಸಿಕೊಳ್ಳಬೇಕು ಎಂದು ಕರಾರಿನಲ್ಲಿ ಬರೆದಿತ್ತು. ಆ ಎರಡು ಪದಗಳೇ ಬೇಲಿಯಲ್ಲಿದ್ದ ಗಂಡಿ. ಉಸ್ತುವಾರಿ ಸಮಿತಿಗಳಲ್ಲಿ ಕೂತವರೂ ಬಹುಪಾಲು ಒಡೆಯರೇ. ಬಿತ್ತನೆ ಕಡಿಮೆಯಾಯಿತು, ಬಡವರ ಗುಡಿಸಲು ಖಾಲಿಯಾದವು. 1934ರ ಜುಲೈನಲ್ಲಿ ಅದೇ ಕೌಂಟಿಯ ಟೈರೋನ್ಜಾ ಊರಿನ ಹತ್ತಿರ 18 ಜನ ಸೇರಿ ಗೇಣಿದಾರರ ಸಂಘ ಕಟ್ಟಿದರು. ಅವರಲ್ಲಿ 11 ಬಿಳಿಯರು, 7 ಕಪ್ಪು ಜನ. ಆ ಕಾಲಕ್ಕೆ ಅವರು ಒಟ್ಟಿಗೆ ಕೂತದ್ದೇ ದೊಡ್ಡ ಸಾಹಸ.

ಆಮೇಲೆ ಕಾಯ್ದೆ ಎಷ್ಟೋ ಸಲ ಬದಲಾಯಿತು. ಈಗ ಕಾನೂನು ಒಂದು ಬೆಲೆ ಗೊತ್ತುಮಾಡುತ್ತದೆ. ಪೇಟೆ ಬೆಲೆ ಅದಕ್ಕಿಂತ ಇಳಿದರೆ ವ್ಯತ್ಯಾಸದ ಹಣ ಕೊಡುತ್ತದೆ. 2025ರ ಜುಲೈನಲ್ಲಿ ಬೀಜ ಬಿಡಿಸದ ಹತ್ತಿಗೆ ಈ ಬೆಲೆಯನ್ನು ಪೌಂಡಿಗೆ 36.7 ಸೆಂಟಿನಿಂದ 42 ಸೆಂಟಿಗೆ ಏರಿಸಿದರು. ಕ್ವಿಂಟಾಲಿಗೆ ಆಗಿನ ಲೆಕ್ಕದಲ್ಲಿ ಸುಮಾರು ಎಂಟು ಸಾವಿರ ರೂಪಾಯಿ. ನಮ್ಮಲ್ಲಿ 2025-26ಕ್ಕೆ ಉದ್ದ ಎಳೆಯ ಹತ್ತಿಗೆ ಬೆಂಬಲ ಬೆಲೆ 8110 ರೂಪಾಯಿ. ಅಂಕಿ ಹೆಚ್ಚುಕಮ್ಮಿ ಒಂದೇ. ಆದರೆ ಅಲ್ಲಿ ಬೆಲೆ ಬಿದ್ದರೆ ಚೆಕ್ಕು ಬರುತ್ತದೆ. ಇಲ್ಲಿ ಖರೀದಿ ಕೇಂದ್ರ ತೆರೆದು, ತೇವ ಸರಿಯಿದೆ ಎಂದು ಅವರು ಒಪ್ಪಿದರೆ ಮಾತ್ರ ಬೆಲೆ. ಸಾಲದ್ದಕ್ಕೆ 2025ರ ಆಗಸ್ಟ್ 19ರಿಂದ ಡಿಸೆಂಬರ್ ಕೊನೆಯವರೆಗೆ ಆಮದು ಹತ್ತಿಯ ಮೇಲಿನ ಶೇ. 11 ಸುಂಕವನ್ನೂ ಎತ್ತಿಬಿಟ್ಟರು. ನಮ್ಮ ಹತ್ತಿ ಪೇಟೆಗೆ ಬರುವ ಹೊತ್ತಿಗೇ!

ಹಾಗಂತ ಅಲ್ಲಿಯದೇ ಪದ್ಧತಿ ಬೇಕು ಅನ್ನಬೇಡಿ. ಅಲ್ಲಿ ಹಣ ಹೋಗುವುದು ಹಿಂದೆ ದಾಖಲಾದ ಎಕರೆಗಳ ಲೆಕ್ಕದ ಮೇಲೆ. ಎಕರೆ ಹೆಚ್ಚಿದ್ದವನಿಗೆ ಚೆಕ್ಕೂ ದೊಡ್ಡದು. 1935ರಲ್ಲಿ ಆ ದೇಶದಲ್ಲಿ ಸುಮಾರು 68 ಲಕ್ಷ ಹೊಲಮನೆಗಳಿದ್ದವು, 2022ರಲ್ಲಿ ಉಳಿದದ್ದು 19 ಲಕ್ಷ. ಯಂತ್ರವೂ ಕಾರಣ, ಒಪ್ಪೋಣ. ಆದರೆ ಇಷ್ಟು ವರ್ಷದ ಚೆಕ್ಕು ಸಣ್ಣವನನ್ನು ಉಳಿಸಲಿಲ್ಲ.

ಈಗ ನಮ್ಮೂರಿಗೆ ಬನ್ನಿ. 2019ರಲ್ಲಿ ಆರಂಭವಾದ ಪಿ.ಎಂ. ಕಿಸಾನ್ ಯೋಜನೆಯ ವರ್ಷದ 6000 ರೂಪಾಯಿ ಪಹಣಿಯಲ್ಲಿ ಹೆಸರಿದ್ದವನಿಗೆ. ನಮ್ಮ ರಾಜ್ಯ ಮೇಲೆ ಸೇರಿಸಿದ್ದ 4000 ರೂಪಾಯಿ 2023ರಲ್ಲಿ ನಿಂತುಹೋಯಿತು. ಕೊಟ್ಟ ಕೈ ಯಾವಾಗ ಬೇಕಾದರೂ ಮುಚ್ಚೀತು. 1974ರ ಭೂಸುಧಾರಣೆಯಲ್ಲಿ ಗೇಣಿ ರದ್ದಾಯಿತು. ಆದರೂ ಬಾಯಿಮಾತಿನ ಗುತ್ತಿಗೆ ಯಾವ ಊರಲ್ಲಿ ಇಲ್ಲ ಹೇಳಿ? ಪಟ್ಟಣ ಸೇರಿದವರ ಹೊಲ ಮಾಡುವವನಿಗೆ ಪಹಣಿಯಲ್ಲಿ ಹೆಸರಿಲ್ಲ. ಆದ್ದರಿಂದ ಹಣವೂ ಇಲ್ಲ, ಬ್ಯಾಂಕಿನ ಬೆಳೆಸಾಲವೂ ಇಲ್ಲ. ಬಡ್ಡಿಯವನ ಮನೆ ಬಾಗಿಲೇ ಗತಿ.

ಓದುತ್ತಿರುವ ನೀವೂ ಭೂಮಿ ಇದ್ದವರೇ. ನಿಮ್ಮ ಎರಡೆಕರೆ ಪಾಲಿಗೆ ಕೊಟ್ಟಿದ್ದರೆ, ಅದರ ಹೆಸರಲ್ಲಿ ಬಂದ ದುಡ್ಡು ಯಾರ ಜೇಬಿಗೆ ಹೋಯಿತು? ಮಾತು ಕಹಿ, ಆದರೂ ಕೇಳಿಕೊಳ್ಳಲೇಬೇಕು. ನಮ್ಮೊಳಗಿನ ಅನ್ಯಾಯ ಮುಚ್ಚಿಟ್ಟುಕೊಂಡು ದಿಲ್ಲಿಯ ಅನ್ಯಾಯ ಕೇಳಲು ನಾಲಿಗೆ ಏಳುವುದಿಲ್ಲ.

ಬೆಲೆ ಅನ್ನೋದು ಹಾಗಲ್ಲ. ಖರ್ಚಿನ ಮೇಲೆ ಲೆಕ್ಕ ಹಾಕಿದ ಬೆಲೆ ಮೂಟೆಯ ಜೊತೆ ಹೋಗುತ್ತದೆ. ಬೆಳೆದವನು ಯಾರೋ ಅವನಿಗೇ ಅದರ ಪಾಲು ಸಿಗುತ್ತದೆ. ಆ ಬೆಲೆ ಕಾನೂನಿನಿಂದ ಖಾತ್ರಿಯಾಗಲಿ. ಅಲ್ಲಿಯವರೆಗೆ ಬರುವ ಹಣ ಉತ್ತು ಬಿತ್ತುವವನ ಕೈಗೆ ಬರಲಿ. ಮುಂದಿನ ಗ್ರಾಮಸಭೆಯಲ್ಲಿ ಈ ಎರಡು ಮಾತನ್ನೂ ಒಟ್ಟಿಗೇ ಎತ್ತಿ. ಒಂದನ್ನು ಬಿಟ್ಟು ಇನ್ನೊಂದನ್ನು ಕೇಳಬೇಡಿ.