ಬಾಯಿಗೆ ಬೀಗ, ಕಾಲಿಗೆ ಚಕ್ರ

ಜೆರೆಮಿ ಕಾರ್ಬಿನ್ ಎಂಬ ಬ್ರಿಟಿಷ್ ಸಂಸದ 1997ರಿಂದ 2010ರವರೆಗೆ, ಅಂದರೆ ಅವರದೇ ಲೇಬರ್ ಪಕ್ಷ ಅಧಿಕಾರದಲ್ಲಿದ್ದ ಹದಿಮೂರು ವರ್ಷಗಳಲ್ಲಿ, ಪಕ್ಷದ ಆದೇಶ ಮೀರಿ 428 ಸಲ ಮತ ಹಾಕಿದರು. ಲೊಕ್ಕನಹಳ್ಳಿಯ ಟೀ ಅಂಗಡಿಯಲ್ಲಿ ಒಂದು ಸಂಜೆ ಈ ಲೆಕ್ಕ ಹೇಳಿದಾಗ ಎದುರಿಗಿದ್ದ ಹಿರಿಯರೊಬ್ಬರು ಲೋಟ ಕೆಳಗಿಟ್ಟು ಕೇಳಿದ್ದು ಒಂದೇ ಮಾತು: "ಆಮ್ಯಾಲೂ ಸೀಟು ಉಳಕತ್ತಾ?" ಉಳಿಯಿತು, 2015ರಲ್ಲಿ ಅದೇ ಪಕ್ಷದ ನಾಯಕರೂ ಆದರು ಅಂದೆ. ನಾಯಕರಾದ ಮೇಲೆ ಉಳಿದವರಿಂದ ನಿಷ್ಠೆ ಕೇಳುವ ಪಾಡು ಅವರಿಗೂ ಬಂತು, ಅದು ಬೇರೆ ತಮಾಷೆ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ ಕನಪ್ಪ, ನಮ್ಮೋರು ಎಸ್ಟ್ ಸಲ ಹಾಕವ್ರ?" ಅಂದರು.

ನನ್ನ ಹತ್ತಿರ ಉತ್ತರವಿರಲಿಲ್ಲ. ಈ ಪ್ರಶ್ನೆಗೆ ಕರ್ನಾಟಕದಲ್ಲಿ ಯಾರ ಹತ್ತಿರವೂ ಉತ್ತರ ಇರದ ಹಾಗೆ ನಾವು ವ್ಯವಸ್ಥೆ ಮಾಡಿಕೊಂಡಿದ್ದೇವೆ. ನನ್ನ ತಕರಾರು ಅಲ್ಲಿಂದಲೇ ಶುರು.

ಎಣಿಸಬೇಕಾದರೆ ಮೊದಲು ಮತ ಬೀಳಬೇಕು. ಬ್ರಿಟನ್ನಿನ ಕೆಳಮನೆಯಲ್ಲಿ ವಿಭಜನೆ ಆದಾಗಲೆಲ್ಲ ಯಾರು ಯಾವ ಕಡೆ ಹೋದರೆಂಬ ಹೆಸರುಪಟ್ಟಿ ಹೊರಬೀಳುತ್ತದೆ, ಯಾವ ಮತದಾರ ಬೇಕಾದರೂ ಕೂತು ಲೆಕ್ಕ ಹಾಕಬಹುದು. ನಮ್ಮ ವಿಧಾನಸಭೆಯಲ್ಲಿ ಮಸೂದೆಗಳು ಸಾಮಾನ್ಯವಾಗಿ ಧ್ವನಿಮತದಲ್ಲಿ ಪಾಸಾಗುತ್ತವೆ. 'ಹೌದು ಎನ್ನುವವರು ಹೌದೆನ್ನಿ' ಎಂದರೆ ಒಂದು ಗದ್ದಲ, 'ಇಲ್ಲ ಎನ್ನುವವರು' ಎಂದರೆ ಇನ್ನೊಂದು ಗದ್ದಲ. ಆ ಗದ್ದಲದಲ್ಲಿ ಹನೂರಿನ ದನಿ ಯಾವುದು, ಹುಣಸೂರಿನ ದನಿ ಯಾವುದು? ಜಾನುವಾರು ಹತ್ಯೆ ಪ್ರತಿಬಂಧಕ ಮಸೂದೆ 2020ರ ಡಿಸೆಂಬರ್ 9ರಂದು ವಿಧಾನಸಭೆಯಲ್ಲಿ ಪಾಸಾದದ್ದು ಹಾಗೆ. ದನ ಸಾಕಿ, ಕೊಟ್ಟಿಗೆ ತುಂಬಿದಾಗ ಸಂತೆಗೆ ಹೊಡೆಯುವ ನಮ್ಮ ಕಡೆಯ ಜನರ ಬದುಕಿಗೆ ನೇರ ತಗಲುವ ಕಾನೂನು ಅದು. ಪರ ಇದ್ದವರು ಇರಬಹುದು, ವಿರೋಧ ಇದ್ದವರೂ ಇರಬಹುದು. ಆದರೆ ನಮ್ಮ ಭಾಗದ ಶಾಸಕ ಒಬ್ಬೊಬ್ಬರೂ ಏನಂದರು ಎಂಬುದಕ್ಕೆ ಪಟ್ಟಿಯೇ ಇಲ್ಲ. 2025ರ ಮಾರ್ಚ್ 21ರಂದು ಶಾಸಕರ ಮೂಲವೇತನವನ್ನು 40 ಸಾವಿರದಿಂದ 80 ಸಾವಿರಕ್ಕೆ ಏರಿಸಿದ್ದೂ ಚರ್ಚೆಯಿಲ್ಲದೆ, ಗದ್ದಲದ ನಡುವೆಯೇ. ಅವತ್ತೇ ಬಿಜೆಪಿಯ 18 ಶಾಸಕರನ್ನು ಆರು ತಿಂಗಳಿಗೆ ಅಮಾನತು ಮಾಡಿದರು. ಅಷ್ಟೊಂದು ಕೂಗಾಟದಲ್ಲೂ, ತಮ್ಮ ಸಂಬಳದ ವಿರುದ್ಧ ಯಾರಾದರೂ ಕೂಗಿದರೋ ಇಲ್ಲವೋ ಎಂದು ದಾಖಲೆ ನೋಡಿ ಹೇಳಲು ಬರುವುದಿಲ್ಲ.

ಇನ್ನು ಮತ ಬಿದ್ದಾಗ ಏನಾಗುತ್ತದೆ ನೋಡಿ. ನಮ್ಮ ಪಕ್ಕದ ಕೊಳ್ಳೇಗಾಲ ಕ್ಷೇತ್ರದ ಕಥೆ ಇದು. 2018ರಲ್ಲಿ ಅಲ್ಲಿಂದ ಗೆದ್ದ ಎನ್. ಮಹೇಶ್ ರಾಜ್ಯದಲ್ಲಿ ಬಿಎಸ್‌ಪಿಯ ಏಕೈಕ ಶಾಸಕ. ಕುಮಾರಸ್ವಾಮಿ ಸಂಪುಟದಲ್ಲಿ ಶಿಕ್ಷಣ ಸಚಿವರಾದರು, ಕೆಲವೇ ತಿಂಗಳಲ್ಲಿ ರಾಜೀನಾಮೆ ಕೊಟ್ಟರು. 2019ರ ಜುಲೈ 23ರಂದು ವಿಶ್ವಾಸಮತ ಬಂತು. ಸರ್ಕಾರದ ಪರ 99, ವಿರುದ್ಧ 105. ಮಹೇಶ್ ಸದನಕ್ಕೇ ಬರಲಿಲ್ಲ. ಸರ್ಕಾರದ ಪರ ಮತ ಹಾಕಲು ಹೇಳಿದ್ದೆ, ಮೀರಿದರು ಎಂದು ಮಾಯಾವತಿ ಅವತ್ತೇ ಪಕ್ಷದಿಂದ ಹೊರಹಾಕಿದರು. ತಟಸ್ಥವಾಗಿರಲು ಸೂಚನೆ ಇತ್ತು ಎಂಬುದು ಮಹೇಶರ ವಾದ. ಯಾರದು ಸರಿ ಎಂಬ ಪಂಚಾಯಿತಿ ನನಗೆ ಬೇಡ. ಆದರೆ ಎರಡೂ ವಾದ ಕೂಡುವ ಜಾಗ ಗಮನಿಸಿ: ಇಬ್ಬರೂ ಮಾತಾಡುತ್ತಿರುವುದು ಮೇಲಿಂದ ಬಂದ ಸೂಚನೆ ಯಾವುದು ಎಂಬುದರ ಬಗ್ಗೆ. ಕೊಳ್ಳೇಗಾಲ, ಯಳಂದೂರಿನ ಮತದಾರ ಏನು ಬಯಸಿದ್ದ ಎಂಬುದು ಆ ಜಗಳದೊಳಗೆ ಬರಲೇ ಇಲ್ಲ. 2021ರ ಆಗಸ್ಟಿನಲ್ಲಿ ಮಹೇಶ್ ಬಿಜೆಪಿ ಸೇರಿದರು, ಅವಧಿ ಮುಗಿಯುವವರೆಗೂ ಶಾಸಕರಾಗಿಯೇ ಇದ್ದರು. 2023ರಲ್ಲಿ ಅದೇ ಕ್ಷೇತ್ರದಲ್ಲಿ ಬಿಜೆಪಿಯಿಂದ ನಿಂತು ಕಾಂಗ್ರೆಸ್ಸಿನ ಎ.ಆರ್. ಕೃಷ್ಣಮೂರ್ತಿಯವರ ಎದುರು ಸೋತರು.

ಕೃಷ್ಣಮೂರ್ತಿಯವರ ಹೆಸರು ಬಂದಾಗ ಇನ್ನೊಂದು ನೆನಪಾಗದೆ ಇರುವುದಿಲ್ಲ. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಪಡೆದದ್ದು 40,752 ಮತ, ಕೃಷ್ಣಮೂರ್ತಿ ಪಡೆದದ್ದು 40,751. ಒಂದೇ ಒಂದು ಓಟು! ಚುನಾವಣೆ ಬಂದಾಗಲೆಲ್ಲ ನಿಮ್ಮ ಒಂದು ಮತ ಎಷ್ಟು ಬೆಲೆಯುಳ್ಳದ್ದು ಎಂದು ನಮಗೆ ಹೇಳಲು ಈ ಕಥೆ ಬಳಕೆಯಾಗುತ್ತದೆ. ಕೇಳಿ ಕೇಳಿ ಸಾಕಾಗಿದೆ. ಅಷ್ಟು ಬೆಲೆಯ ಒಂದೊಂದು ಓಟು ಕೂಡಿ ಒಬ್ಬ ಮನುಷ್ಯನನ್ನು ಬೆಂಗಳೂರಿಗೆ ಕಳಿಸಿದ ಮೇಲೆ, ಆ ಮನುಷ್ಯನ ಓಟಿಗೆ ಅಲ್ಲಿ ಏನು ಬೆಲೆ ಎಂದು ಮಾತ್ರ ಯಾರೂ ಹೇಳುವುದಿಲ್ಲ.

ಬೆಲೆ ಹೋದದ್ದು 1985ರಲ್ಲಿ. 1967ರ ನಂತರ ಪಕ್ಷಾಂತರ ಮಿತಿಮೀರಿತ್ತು. ಹರಿಯಾಣದ ಗಯಾ ಲಾಲ್ ಪಕ್ಷದಿಂದ ಪಕ್ಷಕ್ಕೆ ಹಾರಿ 'ಆಯಾ ರಾಮ್ ಗಯಾ ರಾಮ್' ಎಂಬ ಮಾತಿಗೇ ಕಾರಣರಾಗಿದ್ದರು. ರಾಜೀವ್ ಗಾಂಧಿ ಸರ್ಕಾರ 52ನೇ ತಿದ್ದುಪಡಿ ತಂದು ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿಸಿತು. ಪಕ್ಷ ಬಿಟ್ಟವರ ಸದಸ್ಯತ್ವ ಹೋಗಲಿ ಎಂದರೆ ನನಗೆ ತಕರಾರಿಲ್ಲ. ಪಕ್ಷದ ಚಿಹ್ನೆಯ ಮೇಲೆ ಗೆದ್ದವರು ಚಿಹ್ನೆ ಬಿಟ್ಟರೆ ಮತ್ತೆ ಜನರ ಮುಂದೆ ಬರಲಿ. ಆದರೆ ಅದೇ ಉಸಿರಿನಲ್ಲಿ ವಿಪ್ ಮೀರಿ ಮತ ಹಾಕಿದರೂ, ಅನುಮತಿಯಿಲ್ಲದೆ ಮತ ಹಾಕದೆ ಉಳಿದರೂ ಸದಸ್ಯತ್ವ ಹೋಗಬಹುದು ಎಂದು ಬರೆದರು. ಯಾವ ವಿಷಯದ ಮತ ಎಂಬ ಮಿತಿಯೇ ಇಲ್ಲ. ಸರ್ಕಾರ ಉರುಳಿಸುವ ಮತವೂ ಒಂದೇ, ಮಸೂದೆಯ ಒಂದು ಕಲಮಿಗೆ ತಿದ್ದುಪಡಿ ಕೇಳುವ ಮತವೂ ಒಂದೇ. ಮನೆ ಬಿಟ್ಟು ಓಡಿಹೋದ ಮಗನಿಗೂ, ಮನೆಯಲ್ಲೇ ಕೂತು ಅಪ್ಪನಿಗೆ ಎದುರು ಮಾತಾಡಿದ ಮಗನಿಗೂ ಒಂದೇ ಶಿಕ್ಷೆ.

ಇದಿಲ್ಲದಿದ್ದರೆ ಶಾಸಕರನ್ನು ಸಂತೆಯ ಕುರಿಗಳ ಹಾಗೆ ಕೊಳ್ಳುತ್ತಾರೆ ಎಂದು ನನ್ನ ಸ್ನೇಹಿತರು ಹೇಳುತ್ತಾರೆ. ಗಂಭೀರವಾದ ಮಾತೇ. 1992ರಲ್ಲಿ ಕಿಹೊಟೊ ಹೊಲೊಹಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಾನೂನನ್ನು ಎತ್ತಿಹಿಡಿದದ್ದೂ ಹೆಚ್ಚುಕಡಿಮೆ ಈ ಭಯದಿಂದಲೇ. ಆದರೆ ಸಂತೆ ನಿಂತಿತೇ? ಮೂರನೇ ಒಂದು ಭಾಗ ಒಡೆದು ಹೋದರೆ ತಪ್ಪಲ್ಲ ಎಂಬ ಸಡಿಲಿಕೆಯನ್ನು 2003ರಲ್ಲಿ ತೆಗೆದರು, ಮೂರನೇ ಎರಡು ಭಾಗದ ವಿಲೀನವನ್ನು ಉಳಿಸಿದರು. ಚಿಲ್ಲರೆ ವ್ಯಾಪಾರಕ್ಕೆ ತಡೆ, ಸಗಟಿಗೆ ಪರವಾನಗಿ. 2019ರ ಜುಲೈನಲ್ಲಿ ಗೋವಾದ 15 ಕಾಂಗ್ರೆಸ್ ಶಾಸಕರಲ್ಲಿ 10 ಮಂದಿ ಒಟ್ಟಿಗೇ ಬಿಜೆಪಿಗೆ ಹೋದರು. ನಮ್ಮಲ್ಲಿ ಇನ್ನೂ ನಾಜೂಕಿನ ದಾರಿ: ರಾಜೀನಾಮೆ ಕೊಡು, ಹೊಸ ಪಕ್ಷದಿಂದ ನಿಲ್ಲು, ಗೆದ್ದು ಮಂತ್ರಿಯಾಗು. ಅದೇ ಜುಲೈನಲ್ಲಿ ಸ್ಪೀಕರ್ ರಮೇಶ್ ಕುಮಾರ್ 17 ಶಾಸಕರನ್ನು ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆ ಸರಿ ಎಂದಿತು, ಆದರೆ ಉಪಚುನಾವಣೆಗೆ ನಿಲ್ಲಬಹುದು ಎಂದಿತು. ಡಿಸೆಂಬರಿನಲ್ಲಿ ಉಪಚುನಾವಣೆ ನಡೆದ 15 ಕ್ಷೇತ್ರಗಳಲ್ಲಿ 12 ಬಿಜೆಪಿಗೆ ಬಂದವು.

ಆ ಹದಿನೇಳರಲ್ಲಿ ಇಬ್ಬರು ಎಸ್.ಟಿ. ಸೋಮಶೇಖರ್ ಮತ್ತು ಶಿವರಾಮ್ ಹೆಬ್ಬಾರ್. 2024ರ ಫೆಬ್ರವರಿಯ ರಾಜ್ಯಸಭಾ ಚುನಾವಣೆಯಲ್ಲಿ ಬಿಜೆಪಿಯಲ್ಲಿದ್ದ ಸೋಮಶೇಖರ್ ಕಾಂಗ್ರೆಸ್ ಅಭ್ಯರ್ಥಿಗೆ ಮತ ಹಾಕಿದರು, ಹೆಬ್ಬಾರ್ ಮತಕ್ಕೇ ಬರಲಿಲ್ಲ. ಪಕ್ಷ ಹದಿನೈದು ತಿಂಗಳ ನಂತರ ಇಬ್ಬರನ್ನೂ ಉಚ್ಚಾಟಿಸಿತು. ಸದಸ್ಯತ್ವಕ್ಕೆ ಕುತ್ತು ಬರಲಿಲ್ಲ. ರಾಜ್ಯಸಭಾ ಚುನಾವಣೆಯಲ್ಲಿ ಪಕ್ಷದ ವಿರುದ್ಧ ಮತ ಹಾಕಿದ್ದಕ್ಕೇ ಅನರ್ಹತೆ ಬಾರದು ಎಂದು 2006ರ ಕುಲದೀಪ್ ನಯ್ಯರ್ ತೀರ್ಪಿನಲ್ಲಿದೆ. ಹೀಗಾಗಿ, ಎಲ್ಲಿ ಆತ್ಮಸಾಕ್ಷಿಯ ಮತ ಜನರಿಗೆ ಬೇಕೋ ಅಲ್ಲಿ ಬೀಗ, ಎಲ್ಲಿ ವ್ಯಾಪಾರದ ಗುಮಾನಿ ಅತಿ ಹೆಚ್ಚೋ ಅಲ್ಲಿ ಬಾಗಿಲು ತೆರೆದಿದೆ.

ಬ್ರಿಟನ್ ಸ್ವರ್ಗವಲ್ಲ. ಅಲ್ಲೂ ಬಹುಪಾಲು ಸಂಸದರು ಬಹುಪಾಲು ಸಲ ಪಕ್ಷ ಹೇಳಿದ ಕಡೆಗೇ ಹೋಗುತ್ತಾರೆ. ಎದುರು ಹೋದ ಮಂತ್ರಿ ಕುರ್ಚಿ ಬಿಡಬೇಕು. 2019ರ ಸೆಪ್ಟೆಂಬರಿನಲ್ಲಿ ಬ್ರೆಕ್ಸಿಟ್ ಜಗಳದಲ್ಲಿ 21 ಕನ್ಸರ್ವೇಟಿವ್ ಸಂಸದರನ್ನು ಪಕ್ಷದ ಗುಂಪಿನಿಂದ ಹೊರದಬ್ಬಿದರು. 2024ರ ಜುಲೈ 23ರಂದು, ನಮ್ಮ ವಿಶ್ವಾಸಮತ ಬಿದ್ದು ಸರಿಯಾಗಿ ಐದು ವರ್ಷಕ್ಕೆ, ಬಡ ಕುಟುಂಬಗಳ ಮಕ್ಕಳ ನೆರವನ್ನು ಎರಡೇ ಮಕ್ಕಳಿಗೆ ಸೀಮಿತಗೊಳಿಸುವ ನಿಯಮದ ವಿರುದ್ಧ ಮತ ಹಾಕಿದ ಏಳು ಲೇಬರ್ ಸಂಸದರನ್ನು ಆರು ತಿಂಗಳು ಅಮಾನತು ಮಾಡಿದರು. ಪಕ್ಷ ಮುನಿಯಿತು, ಅಷ್ಟೆ. ಅವರು ಸಂಸದರಾಗಿಯೇ ಉಳಿದರು. ಜನ ಕೊಟ್ಟ ಕುರ್ಚಿಯನ್ನು ಪಕ್ಷ ಕಿತ್ತುಕೊಳ್ಳಲಾಗದು. 2003ರ ಮಾರ್ಚ್ 18ರಂದು ಇರಾಕ್ ಯುದ್ಧ ಬೇಡವೆಂದು 139 ಲೇಬರ್ ಸಂಸದರು ತಮ್ಮದೇ ಪ್ರಧಾನಿಯ ವಿರುದ್ಧ ನಿಂತರು. ಯುದ್ಧ ನಿಲ್ಲಲಿಲ್ಲ. ಆದರೆ ಆ 139 ಹೆಸರುಗಳು ಇವತ್ತಿಗೂ ಇವೆ.

ನಾನು ಕೇಳುತ್ತಿರುವುದು ಹೊಸದೂ ಅಲ್ಲ. ವಿಪ್ ಮೀರಿದ್ದಕ್ಕೆ ಅನರ್ಹತೆ ಎಂಬುದನ್ನು ವಿಶ್ವಾಸ, ಅವಿಶ್ವಾಸ, ಹಣಕಾಸು ಮಸೂದೆ, ವಂದನಾ ನಿರ್ಣಯಗಳಿಗಷ್ಟೇ ಇಡಿ ಎಂದು ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಹೇಳಿತು. ಸರ್ಕಾರಕ್ಕೆ ಅಪಾಯವಿದ್ದಾಗ ಮಾತ್ರ ವಿಪ್ ಕೊಡಿ ಎಂದು ಕಾನೂನು ಆಯೋಗ 1999ರ ತನ್ನ 170ನೇ ವರದಿಯಲ್ಲಿ ಹೇಳಿತು. ದೂಳು ಹಿಡಿದಿವೆ. ವಿಪ್ ಕೊಡುವ ಕೈಗಳೇ ತಿದ್ದುಪಡಿಯನ್ನೂ ತರಬೇಕಲ್ಲ! ಅದಕ್ಕೆ ದೆಹಲಿ ಬೇಕು, ಒಪ್ಪಿದೆ. ಆದರೆ ಪ್ರತಿ ಮಸೂದೆಗೂ ಹೆಸರು ಹಿಡಿದು ಮತ ಎಣಿಸಿ ಪಟ್ಟಿ ಹಾಕಲು ಸಂವಿಧಾನ ತಿದ್ದಬೇಕಿಲ್ಲ, ನಮ್ಮ ಸದನ ಮನಸ್ಸು ಮಾಡಿದರೆ ಸಾಕು. ಓದುವ ಹುಡುಗ ಹುಡುಗಿಯರು ತಮ್ಮ ಶಾಸಕರು ಊರಿಗೆ ಬಂದಾಗ ರಸ್ತೆ, ಚರಂಡಿಯ ಜೊತೆಗೆ ಇದನ್ನೂ ಕೇಳಬಹುದು.

2024ರ ಏಪ್ರಿಲ್ 26ರಂದು ನಮ್ಮದೇ ಹನೂರು ತಾಲ್ಲೂಕಿನ ಇಂಡಿಗನತ್ತದಲ್ಲಿ ಮತಗಟ್ಟೆಯ ಯಂತ್ರ ಒಡೆದುಹೋಯಿತು. ರಸ್ತೆಯಿಲ್ಲ, ನೀರಿಲ್ಲ, ಕರೆಂಟಿಲ್ಲ, ಓಟೂ ಇಲ್ಲ ಎಂದು ಊರವರು ಬಹಿಷ್ಕಾರ ಹಾಕಿದ್ದರು, ಮತ ಹಾಕಿಸಲು ಹೋದಾಗ ಗಲಾಟೆಯಾಯಿತು. 29ರಂದು ಮರುಮತದಾನ ನಡೆಯಿತು. ಯಂತ್ರ ಒಡೆದದ್ದನ್ನು ನಾನು ಸಮರ್ಥಿಸುವುದಿಲ್ಲ, ಅದಕ್ಕೂ ವಿಪ್‌ಗೂ ನೇರ ನಂಟಿದೆ ಎಂದೂ ಹೇಳುವುದಿಲ್ಲ. ಆದರೆ 'ಇಲ್ಲ' ಎಂದು ಹೇಳಲು ಕಾಡಂಚಿನ ಆ ಜನರಿಗೆ ಸಿಕ್ಕ ಜಾಗ ಮತಗಟ್ಟೆಯೊಂದೇ.

ಟೀ ಅಂಗಡಿಯ ಹಿರಿಯರಿಗೆ ಕೊನೆಗೆ, ಎಣಿಸಿಲ್ಲ, ಎಣಿಸೋಕೆ ಆಗೋದೂ ಇಲ್ಲ ಅಂದೆ. ಅವರು ಕಾಸು ಕೊಟ್ಟು ಮೇಲೆದ್ದರು. "ನಮ್ ಓಟ್ನ ಮಾತ್ರ ಎಣಸ್ಕಂಡ್ ಹೋಯ್ತರ" ಅಂದರು.