‘ಪೇಪರ್ ಹಾಕಿ’ ಅಂದರೆ ಏನು ಗೊತ್ತಾ?

ಕನ್ನಡದಲ್ಲಿ ‘ಕೈ ಕೊಟ್ಟ’ ಅಂದರೆ ಮೋಸ ಮಾಡಿದ ಎಂದರ್ಥ. ಇಂಗ್ಲಿಷಿನ ‘ಗಿವ್ ಮಿ ಎ ಹ್ಯಾಂಡ್’ ಅಂದರೆ ಸ್ವಲ್ಪ ಸಹಾಯ ಮಾಡಿ ಎಂದು. ಎರಡರಲ್ಲೂ ಕೈಯೇ, ಅರ್ಥ ಮಾತ್ರ ಉಲ್ಟಾ. ನುಡಿಗಟ್ಟನ್ನು ಪದಕ್ಕೆ ಪದ ಬಿಡಿಸಿದರೆ ಹೀಗೇ ಆಗುವುದು.

ನಮ್ಮೂರುಗಳಿಂದ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗುವವರ ಕಿವಿಗೆ ಇಂಥ ಮಾತು ಬೀಳುತ್ತಲೇ ಇರುತ್ತದೆ. ಐಟಿ ಕಂಪನಿಯಲ್ಲಿ ‘ಬೆಂಚ್ ಮೇಲಿದ್ದಾನೆ’ ಅಂದರೆ ಸಂಬಳ ಬರುತ್ತಿದೆ, ಕೈಯಲ್ಲಿ ಪ್ರಾಜೆಕ್ಟ್ ಇಲ್ಲ. ‘ಬಾಲ್ ಈಸ್ ಇನ್ ಯುವರ್ ಕೋರ್ಟ್’ ಎಂಬಲ್ಲಿ ಕೋರ್ಟು ಕಚೇರಿಯಲ್ಲ, ಟೆನಿಸ್ ಅಂಗಳ. ಮುಂದಿನ ನಿರ್ಧಾರ ನಿಮ್ಮದು ಎಂದಷ್ಟೇ. ಇವು ತಿಳಿಯದಿದ್ದರೆ ಸ್ವಲ್ಪ ಮುಜುಗರ, ಅಷ್ಟೆ.

‘ಪುಟ್ ಇನ್ ಯುವರ್ ಪೇಪರ್ಸ್’ ಹಾಗಲ್ಲ. ನೀವಾಗಿಯೇ ರಾಜೀನಾಮೆ ಕೊಡಿ ಎಂದು ಅದರರ್ಥ. ಒಂದು ವರ್ಷ ದುಡಿದ ಕಾರ್ಮಿಕರನ್ನು ಕೆಲಸವಿಲ್ಲವೆಂದು ಮಾಲೀಕರೇ ತೆಗೆದರೆ ಒಂದು ತಿಂಗಳ ನೋಟಿಸ್ ಇಲ್ಲವೇ ಆ ತಿಂಗಳ ಸಂಬಳ, ಜೊತೆಗೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಕೊಡಬೇಕು. 1953ರಿಂದ ಕಾನೂನಿನಲ್ಲಿರುವ ನಿಯಮವಿದು. ತಾವಾಗಿ ಬಿಟ್ಟವರಿಗೆ ಈ ಪರಿಹಾರವಿಲ್ಲ.

ಇಂಗ್ಲಿಷ್ ಕಲಿಯೋಣ, ಬೇಡ ಅನ್ನುವುದಿಲ್ಲ. ಆದರೆ ಭಾರವೆಲ್ಲ ಕೆಲಸಗಾರರ ತಲೆಗೇ ಏಕೆ? ಕಾರ್ಖಾನೆಯ ನಿಯಮಗಳನ್ನು ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಬೋರ್ಡಿಗೆ ಹಾಕಬೇಕೆಂದು 1946ರ ಸ್ಥಾಯಿ ಆದೇಶಗಳ ಕಾಯ್ದೆಯೇ ಹೇಳಿತ್ತು. ಕೆಲಸ ಹೋಗುವ ಮಾತನ್ನೂ ಕನ್ನಡದಲ್ಲಿ, ನೇರವಾಗಿ ಹೇಳಲಿ ಎಂಬುದು ನಮ್ಮ ಒತ್ತಾಯ.

ಅಲ್ಲಿಯವರೆಗೆ ನೀವೇ ಬಾಯಿಬಿಟ್ಟು ಕೇಳಿ: ‘ನೀವು ತೆಗೀತಿದ್ದೀರಾ, ನಾನೇ ಬಿಡಬೇಕಾ?’ ಉತ್ತರ ಬರಹದಲ್ಲಿ ಸಿಗುವವರೆಗೆ ಸಹಿ ಹಾಕಬೇಡಿ.