ಹಡಗು ದೊಡ್ಡದಾದಷ್ಟೂ ದಡ ದೂರ

ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಕಳೆದ ತಿಂಗಳು ಬಣ್ಣದ ಪ್ರಚಾರಪುಸ್ತಿಕೆಯೊಂದನ್ನು ಹಿಡಿದು ಮನೆಗೆ ಬಂದಿದ್ದರು. ಮುಖಪುಟದಲ್ಲಿ ಪೆಂಗ್ವಿನ್‌ಗಳ ನಡುವೆ ನಿಂತು ನಗುವ ದಂಪತಿಯ ಚಿತ್ರ. ಒಳಪುಟಗಳಲ್ಲಿ ಅಂಟಾರ್ಕ್ಟಿಕಾ ಯಾನದ ವಿವರ. ಎರಡು ಸಾವಿರಕ್ಕೂ ಹೆಚ್ಚು ಪ್ರಯಾಣಿಕರ ಹಡಗು, ಈಜುಕೊಳ, ರಂಗಮಂದಿರ, ಸಸ್ಯಾಹಾರಿಗಳಿಗೆ ಪ್ರತ್ಯೇಕ ಅಡುಗೆ. ದರವೋ, ಕೆಲವು ವರ್ಷಗಳ ಹಿಂದೆ ನಾವು ತೆತ್ತಿದ್ದರ ಅರ್ಧಕ್ಕಿಂತಲೂ ಕಡಿಮೆ. ಅವರ ಉತ್ಸಾಹಕ್ಕೆ ತಣ್ಣೀರೆರಚುವ ಮಾತನ್ನು ನಾನು ಆಡಲೇಬೇಕಾಯಿತು: ಈ ಹಡಗಿನಲ್ಲಿ ಹೋದವರು ಅಂಟಾರ್ಕ್ಟಿಕಾದ ನೆಲವನ್ನು ಮೆಟ್ಟುವುದೇ ಇಲ್ಲ.

ಇದು ನನ್ನ ಊಹೆಯಲ್ಲ. ಅಲ್ಲಿಗೆ ಹಡಗು ಕಳುಹಿಸುವ ಸಂಸ್ಥೆಗಳು 1991ರಲ್ಲಿ ಕಟ್ಟಿಕೊಂಡ ಸಂಘ ಐಎಎಟಿಒ. ಅದರ ನಿಯಮದಂತೆ 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಯಾರನ್ನೂ ದಡಕ್ಕಿಳಿಸುವಂತಿಲ್ಲ. ಒಂದು ತಾಣದಲ್ಲಿ ಒಮ್ಮೆಗೆ 100 ಪ್ರವಾಸಿಗರಿಗಿಂತ ಹೆಚ್ಚು ಮಂದಿ ಇರುವಂತಿಲ್ಲ. 2009ರಲ್ಲಿ ಅಂಟಾರ್ಕ್ಟಿಕಾ ಒಪ್ಪಂದದ ರಾಷ್ಟ್ರಗಳೂ ಇದನ್ನೇ ಅಂಗೀಕರಿಸಿದವು. ಇನ್ನುಳಿದದ್ದು ಬರಿಯ ಲೆಕ್ಕ. ನಾವು ಹೋದ ಹಡಗಿನಲ್ಲಿ ಸುಮಾರು 180 ಜನರಿದ್ದೆವು; ಎರಡು ತಂಡಗಳಾಗಿ ಇಳಿದೆವು. ಒಂದು ತಂಡ ದಡದಲ್ಲಿದ್ದಾಗ ಇನ್ನೊಂದು ರಬ್ಬರು ದೋಣಿಗಳಲ್ಲಿ ಮಂಜುಗಡ್ಡೆಗಳ ನಡುವೆ ಸುತ್ತುತ್ತಿತ್ತು. 450 ಜನರ ಹಡಗಾದರೆ ಐದು ಸರದಿ ಬೇಕು. ದಡಕ್ಕಿಳಿಯಬಹುದು ನಿಜ, ಆದರೆ ಕೋಟು ಬೂಟು ತೊಟ್ಟು ಸಿದ್ಧರಾಗಿ ಕಾಯುವುದರಲ್ಲೇ ದಿನದ ಹೆಚ್ಚಿನ ಭಾಗ ಕಳೆಯುತ್ತದೆ. 2023-24ರ ಋತುವಿನಲ್ಲಿ ಅಲ್ಲಿಗೆ ಹೋದ 1,20,000ಕ್ಕೂ ಹೆಚ್ಚು ಪ್ರವಾಸಿಗರಲ್ಲಿ ಸುಮಾರು ಮೂರನೆಯ ಒಂದು ಪಾಲು ಜನ ಹಡಗಿನ ಮೇಲಿಂದಲೇ ನೋಡಿ ಮರಳಿದವರು. ಅದನ್ನು ತಿಳಿದೇ ಹೋದವರ ಬಗ್ಗೆ ನನ್ನ ಆಕ್ಷೇಪವಿಲ್ಲ. ತಿಳಿಸದೆ ಮಾರುವವರ ಬಗ್ಗೆ ಮಾತ್ರ ಇದೆ.

ಋತುವಿನ ವಿಷಯದಲ್ಲಿ ನಮ್ಮವರ ಕಷ್ಟ ಬೇರೆಯೇ. ನಮ್ಮ ಪ್ರವಾಸದ ಪಂಚಾಂಗವೆಲ್ಲ ಮಕ್ಕಳ ಶಾಲೆಯದು. ಅಂಟಾರ್ಕ್ಟಿಕಾದ ಬಾಗಿಲು ತೆರೆದಿರುವುದು ಸುಮಾರಾಗಿ ನವೆಂಬರಿನಿಂದ ಮಾರ್ಚ್‌ವರೆಗೆ. ದಸರಾ ರಜೆ ಬೇಗನಾಯಿತು, ಬೇಸಿಗೆ ರಜೆ ತಡವಾಯಿತು. ಉಳಿಯುವುದು ಕ್ರಿಸ್‌ಮಸ್ ವಾರ. ದರ ಗಗನಕ್ಕೇರುವುದೂ ಆಗಲೇ. ಉತ್ತರ ಧ್ರುವದ ಕಡೆಯ ಸ್ವಾಲ್‌ಬಾರ್ಡ್‌ಗಾದರೂ ಮೇ ತಿಂಗಳಲ್ಲಿ ಹೋಗೋಣವೆಂದರೆ, ಆಗ ಅಲ್ಲಿನ ಸಮುದ್ರದಲ್ಲಿ ಹೆಪ್ಪುಗಟ್ಟಿದ ಹಿಮ ಇನ್ನೂ ದಾರಿ ಬಿಟ್ಟಿರುವುದಿಲ್ಲ. ದ್ವೀಪಗಳನ್ನು ಸುತ್ತಿಬರಲು ಜುಲೈ, ಆಗಸ್ಟ್ ಬೇಕು. ಅಲ್ಲಿಯೂ 2025ರ ಜನವರಿಯಿಂದ ಸಂರಕ್ಷಿತ ಪ್ರದೇಶಗಳಿಗೆ ಹೋಗುವ ಹಡಗಿನಲ್ಲಿ 200ಕ್ಕಿಂತ ಹೆಚ್ಚು ಪ್ರಯಾಣಿಕರು ಇರಬಾರದೆಂದು ನಾರ್ವೆ ನಿಯಮ ಮಾಡಿದೆ.

ರಜೆಯ ಹಂಗಿಲ್ಲದ ನಮ್ಮಂಥ ನಿವೃತ್ತರಿಗೆ ಯಾವ ತಿಂಗಳು ಒಳ್ಳೆಯದು? ನವೆಂಬರಿನಲ್ಲಿ ಹಿಮ ಯಾರೂ ತುಳಿಯದಷ್ಟು ಶುಭ್ರ. ಪೆಂಗ್ವಿನ್‌ಗಳು ಗೂಡಿಗೆ ಕಲ್ಲು ಹೊಂದಿಸುತ್ತಿರುತ್ತವೆ. ಆದರೆ ಲೆಮೇರ್‌ನಂಥ ಕಿರಿದಾದ ಕಾಲುವೆಗಳು ಹಿಮದಿಂದ ಮುಚ್ಚಿರಬಹುದು. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ಮರಿಗಳು, ಮುಗಿಯದ ಹಗಲು. ನಾವು ಹೋದದ್ದು ಫೆಬ್ರುವರಿಯಲ್ಲಿ. ಹಿಮ ಕರಗಿ ಕೆಸರಾಗಿತ್ತು, ಪೆಂಗ್ವಿನ್ ಕಾಲೊನಿಯ ದುರ್ನಾತ ದೋಣಿಯಲ್ಲಿರುವಾಗಲೇ ಮೂಗಿಗೆ ಬಡಿಯುತ್ತಿತ್ತು. (ಛಾಯಾಚಿತ್ರಗಳಲ್ಲಿ ವಾಸನೆ ಬರುವುದಿಲ್ಲವಲ್ಲ!) ಆದರೆ ವಿಲ್‌ಹೆಲ್ಮಿನಾ ಕೊಲ್ಲಿಯಲ್ಲಿ, ಕ್ರಿಲ್ ಸೀಗಡಿ ಮೇಯಲು ಬಂದ ಹಂಪ್‌ಬ್ಯಾಕ್ ತಿಮಿಂಗಿಲವೊಂದು ನಮ್ಮ ದೋಣಿಯ ಬಳಿ ಉಸಿರು ಬಿಟ್ಟ ಸದ್ದು ಇಂದಿಗೂ ಕಿವಿಯಲ್ಲಿದೆ. ನನ್ನನ್ನು ಕೇಳಿದರೆ ಫೆಬ್ರುವರಿಯೇ ಸರಿ. ನನ್ನಾಕೆಯ ಮತ ಜನವರಿಗೆ. ಅವಳಿಗೆ ಮರಿಗಳನ್ನು ನೋಡಬೇಕಿತ್ತು.

ಚಿಕ್ಕ ಹಡಗು ಸುಖದ ಹಡಗೆಂದು ಯಾರೂ ಭಾವಿಸಬೇಕಿಲ್ಲ. ದಕ್ಷಿಣ ಅಮೆರಿಕದ ತುದಿಯ ಉಶುವಾಯಾದಿಂದ ಡ್ರೇಕ್ ಜಲಸಂಧಿ ದಾಟುವ ಎರಡು ದಿನ ನನ್ನಾಕೆ ಹಾಸಿಗೆ ಬಿಟ್ಟೇಳಲಿಲ್ಲ. ಮಂಡಿನೋವಿನವರಿಗೆ ರಬ್ಬರು ದೋಣಿ ಹತ್ತಿಳಿಯುವುದು ದೊಡ್ಡ ಪರೀಕ್ಷೆ. ಚಿಕ್ಕದೆಂದ ಮಾತ್ರಕ್ಕೆ ಸುರಕ್ಷಿತವೂ ಅಲ್ಲ: 2007ರ ನವೆಂಬರ್ 23ರಂದು ಹಿಮಕ್ಕೆ ತಾಗಿ ಮುಳುಗಿದ 'ಎಕ್ಸ್‌ಪ್ಲೋರರ್' ಕೂಡ ಪುಟ್ಟ ಹಡಗೇ. ಅದರಲ್ಲಿದ್ದ 154 ಮಂದಿಯೂ ಬದುಕಿದ್ದು ರಕ್ಷಣಾ ದೋಣಿಗಳಲ್ಲಿ ಗಂಟೆಗಟ್ಟಲೆ ಕಾದ ಮೇಲೆ, ನೆರವಿಗೆ ಬಂದ 'ನೂರ್ಡ್‌ನೋರ್ಗೆ' ಎಂಬ ಇನ್ನೊಂದು ಹಡಗು ಅವರೆಲ್ಲರನ್ನೂ ಹತ್ತಿಸಿಕೊಂಡದ್ದರಿಂದ. ಮುಳುಗುವ ಹಡಗಿನಲ್ಲಿ ಮೂರು ಸಾವಿರ ಜನರಿದ್ದರೆ ಅವರನ್ನು ತುಂಬಿಕೊಳ್ಳುವ ಹಡಗು ಆ ಸಮುದ್ರದಲ್ಲಿ ಎಲ್ಲಿಂದ ಬರಬೇಕು?

ಯಾರೂ ಹೋಗದಿರುವುದೇ ಆ ನೆಲಕ್ಕೆ ಕ್ಷೇಮವಲ್ಲವೇ ಎಂದು ನನ್ನ ಮಗಳು ಕೇಳುತ್ತಾಳೆ. ದಡಕ್ಕಿಳಿಸದ ದೊಡ್ಡ ಹಡಗು ಪೆಂಗ್ವಿನ್‌ಗಳ ದಾರಿಯನ್ನು ತುಳಿಯುವುದಿಲ್ಲ ಎಂಬ ವಾದದಲ್ಲೂ ಹುರುಳಿದೆ. ಹಕ್ಕಿಜ್ವರದ ವೈರಾಣು 2024ರ ಫೆಬ್ರುವರಿಯಲ್ಲಿ ಅಂಟಾರ್ಕ್ಟಿಕಾದಲ್ಲೂ ದೃಢಪಟ್ಟ ಮೇಲೆ ಇಳಿಯುವವರ ಹೊಣೆ ಇನ್ನೂ ಹೆಚ್ಚಿದೆ. ಹೋಗಿ ಬಂದವನಾದ ನಾನು ಅವಳಿಗೆ ಉಪದೇಶ ಮಾಡುವ ಸ್ಥಿತಿಯಲ್ಲಿಲ್ಲ. ಹೋಗುವುದೇ ಆದರೆ ಒಮ್ಮೆ, ಇನ್ನೂರರೊಳಗಿನ ಹಡಗಿನಲ್ಲಿ, ಬೂಟು ತೊಳೆಸಿ ಇಳಿಸುವವರೊಡನೆ ಎಂದಷ್ಟೇ ಹೇಳಬಲ್ಲೆ. ಹಣ ಸಾಲದಿದ್ದರೆ ಇನ್ನೆರಡು ವರ್ಷ ಕಾಯಬೇಕು.

ಸಹೋದ್ಯೋಗಿ ಮರುದಿನವೇ ಏಜೆಂಟರಿಗೆ ದೂರವಾಣಿ ಮಾಡಿ, ಎಷ್ಟು ಬಾರಿ ದಡಕ್ಕಿಳಿಸುತ್ತೀರಿ ಎಂದು ಕೇಳಿದರಂತೆ. ಮುಖ್ಯ ಕಚೇರಿಯನ್ನು ವಿಚಾರಿಸಿ ತಿಳಿಸುತ್ತೇವೆಂದು ಉತ್ತರ ಬಂತು. ಮೂರು ವಾರವಾಯಿತು, ಅವರಿನ್ನೂ ತಿಳಿಸಿಲ್ಲ.